ದಿನಬಳಕೆಗೆ ಕಡಿಮೆ ಬೆಲೆಯ ಉಕ್ಕಿನ ಸೈಕಲ್ ಫ್ರೇಮ್ ಆರಿಸುವ ಬಗೆ: ತುಮಕೂರಿನ ಸವಾರರಿಗೆ ಸಮಗ್ರ ಮಾರ್ಗದರ್ಶಿ

ಸೈಕಲ್ ಅಂಗಡಿಗೆ ಹೋದವರ ಕಣ್ಣು ಮೊದಲು ಬೀಳುವುದು ಬಣ್ಣ, ಗೇರು ಮತ್ತು ಡಿಸ್ಕ್ ಬ್ರೇಕುಗಳ ಮೇಲೆ. ಆದರೆ ದಿನವೂ ತುಳಿಯುವ ಸೈಕಲ್ಲಿನಲ್ಲಿ ಕೆಲವು ವರ್ಷಗಳೊಳಗೆ ಟೈರು ಸವೆಯುತ್ತದೆ, ಚೈನು ಮತ್ತು ಫ್ರೀವೀಲ್ ಬದಲಾಗುತ್ತವೆ, ಬ್ರೇಕಿನ ರಬ್ಬರು ಮುಗಿಯುತ್ತದೆ, ಸೀಟು ಹರಿಯುತ್ತದೆ; ಇವೆಲ್ಲ ಹೋದ ಮೇಲೂ ಉಳಿಯುವುದು ಫ್ರೇಮ್ ಒಂದೇ. ಆದ್ದರಿಂದ ಕೈಯಲ್ಲಿರುವ ಹಣ ಕಡಿಮೆಯಿದ್ದಷ್ಟೂ ಫ್ರೇಮನ್ನು ಹೆಚ್ಚು ಎಚ್ಚರಿಕೆಯಿಂದ ನೋಡಿ ಕೊಳ್ಳಬೇಕು. ಅಳತೆ ಸರಿಯಿರುವ, ಬೆಸುಗೆ ಚೊಕ್ಕವಾಗಿರುವ, ನಮ್ಮ ಊರಿನ ಅಂಗಡಿಯಲ್ಲೇ ಬಿಡಿಭಾಗ ಸಿಗುವ ಸಾದಾ ಉಕ್ಕಿನ ಫ್ರೇಮು, ಅಳತೆ ತಪ್ಪಿದ ದುಬಾರಿ ಫ್ರೇಮಿಗಿಂತ ದಿನಬಳಕೆಗೆ ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ನೋಡಬೇಕು ಎಂಬ ಕ್ರಮದಲ್ಲಿಯೇ ಈ ಬರಹವನ್ನು ಜೋಡಿಸಿದ್ದೇನೆ.

ಮೊದಲ ಹೆಜ್ಜೆ: ಸೈಕಲ್ ಯಾವ ಕೆಲಸಕ್ಕೆ ಎಂದು ಗೊತ್ತುಮಾಡಿಕೊಳ್ಳಿ

ಕ್ಯಾತ್ಸಂದ್ರದಿಂದ ಬಿ.ಎಚ್. ರಸ್ತೆ ಹಿಡಿದು ರೈಲು ನಿಲ್ದಾಣಕ್ಕೆ ಬಂದು, ಸೈಕಲ್ಲನ್ನು ಸ್ಟ್ಯಾಂಡಿನಲ್ಲಿ ಬಿಟ್ಟು ಬೆಂಗಳೂರಿನ ರೈಲು ಹತ್ತುವವರ ಅಗತ್ಯ ಒಂದು ಬಗೆಯದು. ಹಳ್ಳಿಯಿಂದ ಡೈರಿಗೆ ಹಾಲಿನ ಕ್ಯಾನು ಸಾಗಿಸುವವರ, ಹೊಲದಿಂದ ಮೇವಿನ ಹೊರೆ ತರುವವರ ಅಗತ್ಯ ಮತ್ತೊಂದು. ವಾರವಿಡೀ ಕಾಲೇಜಿಗೆ ತುಳಿದು, ಭಾನುವಾರ ದೇವರಾಯನದುರ್ಗದ ಏರನ್ನು ಹತ್ತಬೇಕೆನ್ನುವವರ ಅಗತ್ಯ ಮೂರನೆಯದು. ಮೊದಲನೆಯವರಿಗೆ ಗಟ್ಟಿಯಾದ, ಬಿಸಿಲಲ್ಲಿ ನಿಂತರೂ ಚಿಂತೆಯಿಲ್ಲದ, ಕಳ್ಳರ ಕಣ್ಣಿಗೆ ಬೀಳದ ಸರಳ ಫ್ರೇಮು ಸಾಕು. ಎರಡನೆಯವರಿಗೆ ತೂಕ ಮುಖ್ಯವಲ್ಲ, ಹೊರುವ ಶಕ್ತಿಯೇ ಮುಖ್ಯ. ಹಗುರವಾದ ಉಕ್ಕಿಗೆ ಹೆಚ್ಚು ಹಣ ಕೊಡುವುದಕ್ಕೆ ಅರ್ಥವಿರುವುದು ಮೂರನೆಯವರಿಗೆ ಮಾತ್ರ.

ಅಲ್ಯೂಮಿನಿಯಂ ಫ್ರೇಮು ಹಗುರವಾಗಿರುವಾಗ ಉಕ್ಕೇ ಏಕೆ ಎಂದು ಕೇಳುವವರಿದ್ದಾರೆ. ಉಕ್ಕು ಸಾಮಾನ್ಯವಾಗಿ ಮುರಿಯುವ ಮುನ್ನ ಬಾಗುತ್ತದೆ, ಬಾಗಿದ್ದನ್ನು ಒಂದು ಮಿತಿಯವರೆಗೆ ಮತ್ತೆ ನೇರ ಮಾಡಬಹುದು, ಬಿರುಕು ಬಿಟ್ಟರೆ ಗ್ಯಾಸ್ ವೆಲ್ಡಿಂಗ್ ಮಾಡುವವರು ಹಿತ್ತಾಳೆ ಕಡ್ಡಿಯಿಂದ ಬೆಸೆದು ಕೊಡಬಲ್ಲರು. ಸೈಕಲ್ಲಿಗೆ ಬಳಸುವ 6061 ಅಲ್ಯೂಮಿನಿಯಂ ಮಿಶ್ರಲೋಹವನ್ನು ಬೆಸೆದರೆ, ಕಳೆದುಹೋದ ಬಲವನ್ನು ಮರಳಿ ತರಲು ಅದನ್ನು ಕುಲುಮೆಯಲ್ಲಿ ಮತ್ತೆ ಹದಗೊಳಿಸಬೇಕಾಗುತ್ತದೆ. ಅದು ಬೀದಿಬದಿಯ ಗ್ಯಾರೇಜಿನಲ್ಲಿ ಆಗುವ ಕೆಲಸವಲ್ಲ. ಅಲ್ಲದೆ ಉಕ್ಕಿಗೆ ಒಂದು ಮಿತಿಯೊಳಗಿನ ಒತ್ತಡವನ್ನು ಎಷ್ಟು ಸಲ ಹೇರಿದರೂ ತಡೆದುಕೊಳ್ಳುವ ಗುಣವಿದೆ, ಅಲ್ಯೂಮಿನಿಯಂಗೆ ಅಂಥ ಮಿತಿಯಿಲ್ಲ. ಸಣ್ಣ ಸಣ್ಣ ಕುಲುಕಾಟವೂ ಅದರಲ್ಲಿ ಸೇರುತ್ತಾ ಹೋಗುತ್ತದೆ.

ಎರಡನೆಯ ಹೆಜ್ಜೆ: ದೇಹದ ಅಳತೆ

ಈ ಒಂದು ಹೆಜ್ಜೆಯನ್ನು ತಪ್ಪಿಸಿದರೆ ಉಳಿದ ಎಲ್ಲ ಎಚ್ಚರಿಕೆಯೂ ವ್ಯರ್ಥ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ದಪ್ಪ ಪುಸ್ತಕವನ್ನು ಸೀಟಿನಂತೆ ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದು, ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪು ಹಿಡಿಯಿರಿ. ಅದು ನಿಮ್ಮ ಒಳಗಾಲಿನ ಅಳತೆ. ಸೈಕಲ್ಲಿನ ಮೇಲಿನ ಬಾರನ್ನು ದಾಟಿ ಎರಡೂ ಪಾದ ನೆಲಕ್ಕೂರಿ ನಿಂತಾಗ, ಬಾರಿಗೂ ನಿಮಗೂ ನಡುವೆ ಕನಿಷ್ಠ 2ರಿಂದ 5 ಸೆಂ.ಮೀ. ಅಂತರವಿರಬೇಕು. ಬಿ.ಎಚ್. ರಸ್ತೆಯ ದಟ್ಟಣೆಯಲ್ಲಿ ಬಸ್ಸು ಥಟ್ಟನೆ ನಿಂತಾಗ ಸೀಟಿನಿಂದ ಮುಂದಕ್ಕೆ ಜಾರಿ ನೆಲಕ್ಕೆ ಕಾಲೂರಬೇಕಾದವರಿಗೆ ಈ ಅಂತರದ ಬೆಲೆ ಗೊತ್ತಿರುತ್ತದೆ.

ಫ್ರೇಮಿನ ಅಳತೆಯೆಂದರೆ ಸಾಮಾನ್ಯವಾಗಿ ಪೆಡಲಿನ ತೋಳುಗಳು (ಕ್ರ್ಯಾಂಕ್) ತಿರುಗುವ ಅಚ್ಚಿನ ನಡುಮಧ್ಯದಿಂದ, ಸೀಟಿನ ಕೆಳಗೆ ನೆಟ್ಟಗೆ ನಿಂತ ಸೀಟ್ ಟ್ಯೂಬಿನ ಮೇಲ್ತುದಿಯವರೆಗಿನ ಉದ್ದ. ನಮ್ಮಲ್ಲಿ ಹಳೆಯ ಮಾದರಿಯ ದೊಡ್ಡ ಸೈಕಲ್ಲುಗಳು 22 ಮತ್ತು 24 ಇಂಚಿನ ಫ್ರೇಮುಗಳಲ್ಲಿ ಬರುತ್ತವೆ. ಎಂದರೆ ಸುಮಾರು 56 ಮತ್ತು 61 ಸೆಂ.ಮೀ. ಬಾರು ನೆಲಕ್ಕೆ ಸಮಾನಾಂತರವಾಗಿರುವ ಫ್ರೇಮುಗಳಿಗೆ ಒಳಗಾಲಿನ ಅಳತೆಯನ್ನು 0.65ರಿಂದ ಗುಣಿಸಿದರೆ ಹೊಂದುವ ಅಳತೆಯ ಅಂದಾಜು ಸಿಗುತ್ತದೆ. ಒಳಗಾಲು 80 ಸೆಂ.ಮೀ. ಇದ್ದವರಿಗೆ ಅದು 52 ಸೆಂ.ಮೀ., ಎಂದರೆ ಇಪ್ಪತ್ತೂವರೆ ಇಂಚಿನ ಆಸುಪಾಸು. ಹೀಗಿರುವಾಗ 24 ಇಂಚಿನ ಫ್ರೇಮು ನಿಜಕ್ಕೂ ಉದ್ದ ಕಾಲಿನವರಿಗೆ ಮಾತ್ರ ಸಲ್ಲುತ್ತದೆ. ಮಗ ಬೆಳೆಯುತ್ತಾನಲ್ಲ ಎಂದು ಎರಡು ಅಳತೆ ದೊಡ್ಡದನ್ನು ಕೊಡಿಸುವ ಅಭ್ಯಾಸವನ್ನು ತಂದೆತಾಯಂದಿರು ದಯವಿಟ್ಟು ಬಿಡಬೇಕು. ಕಾಲು ನೆಲಕ್ಕೆ ಎಟುಕದ ಸೈಕಲ್ ಮಕ್ಕಳಿಗೆ ಅಪಾಯ.

ಚಿಕ್ಕದಾದ ಫ್ರೇಮನ್ನು ಗುರುತಿಸುವುದೂ ಸುಲಭ. ಸೀಟಿನ ಮೇಲೆ ಕುಳಿತು, ಪೆಡಲನ್ನು ಅತ್ಯಂತ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಟ್ಟಾಗ ಮಂಡಿ ನೇರವಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮಂಡಿ ತುಸು ಬಾಗಿರುತ್ತದೆ, ಅದೇ ಸರಿಯಾದ ಎತ್ತರ. ಆ ಎತ್ತರಕ್ಕೆ ಸೀಟು ಏರಿಸಿದಾಗ ಸೀಟನ್ನು ಹೊತ್ತು ಸೀಟ್ ಟ್ಯೂಬಿನೊಳಗೆ ಇಳಿಯುವ ಸೀಟ್ ಪೋಸ್ಟಿನ ಮೇಲೆ ಕೊರೆದಿರುವ ಮಿತಿಗೆರೆ ಹೊರಗೆ ಕಂಡರೆ, ಆ ಫ್ರೇಮು ನಿಮಗೆ ಚಿಕ್ಕದು. ಗೆರೆ ಮೀರಿ ಏರಿಸಿ ತುಳಿದರೆ ಸೀಟ್ ಟ್ಯೂಬಿನ ಮೇಲ್ತುದಿಯೇ ಸೀಳಬಹುದು.

ಸೀರೆ ಅಥವಾ ಪಂಚೆ ಉಟ್ಟು ತುಳಿಯುವವರಿಗೆ, ಮಂಡಿನೋವಿನಿಂದ ಕಾಲೆತ್ತಿ ಹಾಕಲಾಗದ ಹಿರಿಯರಿಗೆ ಲೇಡೀಸ್ ಸೈಕಲ್ ಎಂದು ಕರೆಯುವ ತಗ್ಗು ಬಾರಿನ ಫ್ರೇಮೇ ಸರಿ. ಆದರೆ ಮೇಲಿನ ಬಾರು ಕೆಳಗಿಳಿದಾಗ ಫ್ರೇಮಿನ ತ್ರಿಕೋನ ಮುರಿಯುತ್ತದೆ, ಹಿಂದೆ ಭಾರ ಹೇರಿದಾಗ ಫ್ರೇಮು ತಿರುಚಿಕೊಳ್ಳುತ್ತದೆ. ಕ್ಯಾರಿಯರ್ ಮೇಲೆ ಮೂಟೆ ಇಡುವ ಉದ್ದೇಶವಿದ್ದರೆ ಎರಡು ಟ್ಯೂಬುಗಳು ಒಂದರ ಕೆಳಗೊಂದು ಸಾಗುವ ಫ್ರೇಮನ್ನು ಆರಿಸಿ. ಹ್ಯಾಂಡಲ್ ಬುಡದಿಂದ ಹಿಂಚಕ್ರದ ಅಚ್ಚಿನವರೆಗೂ ಎರಡು ಸಣ್ಣ ಟ್ಯೂಬುಗಳು ಅಕ್ಕಪಕ್ಕದಲ್ಲಿ ಇಳಿದು ಹೋಗುವ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು.

ಮೂರನೆಯ ಹೆಜ್ಜೆ: ಉಕ್ಕಿನ ಜಾತಿಯನ್ನು ತಿಳಿಯುವುದು

ಮಾರುಕಟ್ಟೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಉಕ್ಕಿನ ಫ್ರೇಮುಗಳನ್ನು ಸ್ಥೂಲವಾಗಿ ಎರಡಾಗಿ ವಿಂಗಡಿಸಬಹುದು. ಸಾದಾ ಇಂಗಾಲದ ಉಕ್ಕು, ಅದರಲ್ಲೇ ತುಸು ಬಲವಾದ ಹೈ ಟೆನ್ಸೈಲ್ ಅಥವಾ ಹೈ-ಟೆನ್ ಉಕ್ಕು ಒಂದು ಗುಂಪು. ಶೇ 1ರಷ್ಟು ಕ್ರೋಮಿಯಂ, ಶೇ 0.2ರಷ್ಟು ಮಾಲಿಬ್ಡಿನಂ ಬೆರೆತ 4130 ಎಂಬ ಕ್ರೋಮೋಲಿ ಇನ್ನೊಂದು. ಇಂಗ್ಲೆಂಡಿನ ರೆನಾಲ್ಡ್ಸ್ ಕಂಪನಿಯ 520 ಎಂಬ ಟ್ಯೂಬೂ ಕ್ರೋಮೋಲಿಯೇ.

ಕ್ರೋಮೋಲಿ ಹೆಚ್ಚು ಮೆತ್ತಗೆ ಸಾಗುತ್ತದೆ, ಸಾದಾ ಉಕ್ಕು ಗಡುಸು ಎಂಬ ಮಾತು ಬಹಳ ಕೇಳಿಬರುತ್ತದೆ. ಲೋಹದ ದೃಷ್ಟಿಯಿಂದ ಇದು ಸರಿಯಲ್ಲ. ಬಾಗುವಿಕೆಗೆ ಒಡ್ಡುವ ಪ್ರತಿರೋಧ ಎಲ್ಲ ಬಗೆಯ ಉಕ್ಕಿನಲ್ಲೂ ಹೆಚ್ಚುಕಡಿಮೆ ಒಂದೇ, ತೂಕದ ಸಾಂದ್ರತೆಯೂ ಒಂದೇ: ಪ್ರತಿ ಘನ ಸೆಂ.ಮೀ.ಗೆ ಸುಮಾರು 7.85 ಗ್ರಾಂ. ಕ್ರೋಮೋಲಿ ಹೆಚ್ಚು ಬಲವಾಗಿರುವುದರಿಂದ ಅದರ ಟ್ಯೂಬಿನ ಗೋಡೆಯನ್ನು ತೆಳ್ಳಗೆ ಮಾಡಬಹುದು. ಫ್ರೇಮು ಹಗುರವಾಗುವುದೂ ತುಸು ಚಿಮ್ಮುವುದೂ ಆ ತೆಳುಗೋಡೆಯಿಂದ. ಸೇರುವೆಯಲ್ಲಿ ದಪ್ಪ, ನಡುವೆ ತೆಳ್ಳಗೆ ಇರುವ ಬಟೆಡ್ ಟ್ಯೂಬುಗಳು ಈ ಕೆಲಸವನ್ನು ಇನ್ನಷ್ಟು ಜಾಣತನದಿಂದ ಮಾಡುತ್ತವೆ.

ಸ್ಟಿಕ್ಕರ್ ಏನೇ ಹೇಳಲಿ, ಗೋಡೆಯ ದಪ್ಪವನ್ನು ಅಂಗಡಿಯಲ್ಲೇ ಪತ್ತೆಮಾಡುವ ಉಪಾಯವೊಂದಿದೆ. ಸೀಟ್ ಪೋಸ್ಟನ್ನು ಹೊರಗೆಳೆದು ಬುಡದ ಹತ್ತಿರ ನೋಡಿದರೆ 25.4, 26.8, 27.2 ಎಂಬಂಥ ಮಿ.ಮೀ. ಅಂಕಿ ಒತ್ತಿರುತ್ತದೆ. ಇಲ್ಲದಿದ್ದರೆ ವರ್ನಿಯರ್ ಎಂಬ ಅಳತೆಯ ಸಾಧನ ಹಿಡಿದು ಅಳೆಯಬಹುದು. ಆಮೇಲೆ ಸೀಟ್ ಟ್ಯೂಬಿನ ಹೊರಗಿನ ವ್ಯಾಸವನ್ನು ಅಳೆಯಿರಿ. ಅನೇಕ ಫ್ರೇಮುಗಳಲ್ಲಿ ಅದು 28.6 ಮಿ.ಮೀ. ಇರುತ್ತದೆ. ಹೊರಗಿನ ವ್ಯಾಸದಿಂದ ಪೋಸ್ಟಿನ ವ್ಯಾಸ ಕಳೆದು ಎರಡರಿಂದ ಭಾಗಿಸಿದರೆ ಗೋಡೆಯ ದಪ್ಪ. ಪೋಸ್ಟು 25.4 ಇದ್ದರೆ ಗೋಡೆ 1.6 ಮಿ.ಮೀ., 27.2 ಇದ್ದರೆ 0.7 ಮಿ.ಮೀ. ಅರ್ಧ ಮೀಟರ್ ಉದ್ದದ ಟ್ಯೂಬಿನ ತೂಕವನ್ನು ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 530 ಗ್ರಾಂ, ಎರಡನೆಯದು ಸುಮಾರು 240 ಗ್ರಾಂ. ಒಂದೇ ಟ್ಯೂಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿತಾಯ. ಟ್ಯೂಬಿನೊಳಗೆ ತಗಡಿನ ಪಟ್ಟಿ ತುರುಕಿ ಸಣ್ಣ ಪೋಸ್ಟು ಹಾಕಿರುವುದುಂಟು, ಆದ್ದರಿಂದ ಒಳಗೆ ಬೆರಳಾಡಿಸಿ ನೋಡಿಯೇ ಅಳೆಯಬೇಕು.

ಈ ಉಳಿತಾಯಕ್ಕೆ ಎಷ್ಟು ಬೆಲೆ ಕೊಡಬಹುದು? ಸವಾರನ ತೂಕ 65 ಕೆ.ಜಿ., ಸೈಕಲ್ಲಿನದು 17 ಕೆ.ಜಿ. ಎಂದಿಟ್ಟುಕೊಳ್ಳಿ. ಫ್ರೇಮಿನಲ್ಲಿ 1 ಕೆ.ಜಿ. ಕಡಿಮೆಯಾದರೆ ಒಟ್ಟು ಭಾರದಲ್ಲಿ ಇಳಿಯುವುದು ಶೇ 1.2ರಷ್ಟು. ಸುಮಾರು 3,900 ಅಡಿ ಎತ್ತರದ ದೇವರಾಯನದುರ್ಗವನ್ನು ಹತ್ತುವಾಗ ಶ್ರಮ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ. ಬಟವಾಡಿಯಿಂದ ಟೌನ್‌ಹಾಲ್ ವೃತ್ತದವರೆಗಿನ ದಾರಿಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಹೊರದೇಶದಿಂದ ಬರುವ ಕ್ರೋಮೋಲಿ ಫ್ರೇಮೊಂದರ ಬೆಲೆಯಲ್ಲಿ ಸಾದಾ ಉಕ್ಕಿನ ಪೂರ್ತಿ ಸೈಕಲ್ಲುಗಳನ್ನೇ ಹಲವು ಕೊಳ್ಳಬಹುದು. ನಿತ್ಯದ ಓಡಾಟಕ್ಕಾದರೆ ಆ ವ್ಯತ್ಯಾಸದ ಹಣದಲ್ಲಿ ಒಳ್ಳೆಯ ಟೈರು, ಒಳ್ಳೆಯ ಸೀಟು, ಬೀಗ, ದೀಪ ಕೊಳ್ಳುವುದೇ ವಿವೇಕ.

ಹೊರೆ ಸಾಗಿಸುವವರಿಗೆ ದಪ್ಪಗೋಡೆಯೇ ವರ. ಡಬಲ್ ಬಾರ್ ಫ್ರೇಮಿನ ಎರಡನೆಯ ಬಾರು ತೂಕ ಹೆಚ್ಚಿಸಿದರೂ ಎತ್ತರದ ಫ್ರೇಮನ್ನು ಬಿಗಿಯಾಗಿ ಹಿಡಿದಿಡುತ್ತದೆ. ಹಿಂಚಕ್ರಕ್ಕೆ 40, ಮುಂಚಕ್ರಕ್ಕೆ 32 ಕಡ್ಡಿಗಳಿರುವ ಹಳೆಯ ಮಾದರಿ ಹುಟ್ಟಿಕೊಂಡದ್ದೂ ಹಿಂದಿನ ಭಾರಕ್ಕಾಗಿಯೇ.

ಇದೇ ಬೆಲೆಗೆ ಹಿಂದೆಯೂ ಮುಂದೆಯೂ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ಲುಗಳು ಅಂಗಡಿಯ ಮುಂಭಾಗದಲ್ಲೇ ನಿಂತಿರುತ್ತವೆ. ಅವುಗಳನ್ನು ದಿನಬಳಕೆಗೆ ಕೊಳ್ಳಬೇಡಿ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಅಗ್ಗದ ಸ್ಪ್ರಿಂಗುಗಳು ತೂಕ ಕೂಡಿಸುತ್ತವೆ, ತುಳಿದ ಶಕ್ತಿಯಲ್ಲಿ ಒಂದು ಪಾಲನ್ನು ಕುಪ್ಪಳಿಸುವುದರಲ್ಲೇ ಕಳೆಯುತ್ತವೆ, ಕೀಲಿನ ಬುಷ್ಷುಗಳು ಬೇಗ ಸಡಿಲವಾಗುತ್ತವೆ. ಹೊಂಡದ ರಸ್ತೆಗೆ ಅಗಲವಾದ ಟೈರನ್ನು ಹದವಾದ ಗಾಳಿಯಲ್ಲಿ ಓಡಿಸುವುದೇ ಉತ್ತಮ ಪರಿಹಾರ.

ನಾಲ್ಕನೆಯ ಹೆಜ್ಜೆ: ಸೇರುವೆಗಳನ್ನು ನೋಡುವುದು

ಟ್ಯೂಬು ಎಷ್ಟೇ ಚೆನ್ನಾಗಿದ್ದರೂ ಫ್ರೇಮು ಸೋಲುವುದು ಸೇರುವೆಯಲ್ಲಿ. ಹಳೆಯ ಮಾದರಿಯಲ್ಲಿ ಟ್ಯೂಬುಗಳನ್ನು ಲಗ್ ಎಂಬ ತೋಳಿನೊಳಗೆ ಕೂರಿಸಿ ಹಿತ್ತಾಳೆ ಕರಗಿಸಿ ಬೆಸೆದಿರುತ್ತಾರೆ. ಲಗ್ಗಿನ ಅಂಚಿನ ಸುತ್ತ ಬೆರಳಾಡಿಸಿ. ಎಲ್ಲಿಯೂ ಸಂದು, ಸೂಜಿಮೊನೆಯಷ್ಟು ತೂತು ಇರಬಾರದು. ಸಂದಿದ್ದರೆ ಹಿತ್ತಾಳೆ ಅಲ್ಲಿಗೆ ಹರಿದಿಲ್ಲವೆಂದೇ ಅರ್ಥ. ನೇರವಾಗಿ ವೆಲ್ಡ್ ಮಾಡಿದ ಫ್ರೇಮಾದರೆ ಬೆಸುಗೆಯ ಅಲೆಗಳು ಟ್ಯೂಬಿನ ಸುತ್ತಲೂ ಒಂದೇ ಅಗಲದಲ್ಲಿ ಸಾಗಬೇಕು. ನಡುವೆ ಕುಳಿ, ಕಡಿತ, ಉಂಡೆಯಾದ ಲೋಹ ಕಂಡರೆ ಬೇರೆ ಫ್ರೇಮು ನೋಡಿ. ಗಾಜುಕಾಗದದಿಂದ ಉಜ್ಜಿ ಪುಟ್ಟಿ ತುಂಬಿ ಬಣ್ಣ ಬಳಿದ ಸೇರುವೆಯನ್ನು ನಂಬುವುದು ಕಷ್ಟ.

ಹಿಂಚಕ್ರದ ಅಚ್ಚು ಕೂರುವ ಸೀಳುಳ್ಳ ಪಟ್ಟಿಯನ್ನು ಡ್ರಾಪ್‌ಔಟ್ ಎನ್ನುತ್ತಾರೆ. ಅದು ದಪ್ಪವಾಗಿರಬೇಕು, ಎಡಬಲದವು ಒಂದಕ್ಕೊಂದು ಸಮಾನಾಂತರವಾಗಿರಬೇಕು. ಗೇರಿಲ್ಲದ ಸೈಕಲ್ಲಿಗೆ ಸೀಳು ಅಡ್ಡಲಾಗಿರಬೇಕು, ಆಗ ಚಕ್ರವನ್ನು ಹಿಂದಕ್ಕೆಳೆದು ಚೈನಿನ ಸಡಿಲ ತೆಗೆಯಬಹುದು. ಮಡ್‌ಗಾರ್ಡ್ ಮತ್ತು ಕ್ಯಾರಿಯರ್ ಬಿಗಿಯಲು ಅದರ ಬಳಿ ಬೋಲ್ಟಿನ ಮರೆ (ಥ್ರೆಡ್) ಇರುವ ತೂತುಗಳಿವೆಯೇ ನೋಡಿ. ಟೈರಿಗೂ ಮುಂಚಕ್ರವನ್ನು ಹಿಡಿಯುವ ಫೋರ್ಕಿಗೂ ನಡುವೆ ಮಡ್‌ಗಾರ್ಡ್ ಹಾಕಿದ ಮೇಲೂ ಬೆರಳು ತೂರುವಷ್ಟು ಜಾಗ ಬೇಕು. ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣಿನ ದಾರಿಯಲ್ಲಿ ಇಕ್ಕಟ್ಟಾದ ಫ್ರೇಮಿನ ಚಕ್ರ ಕೆಸರು ಕಟ್ಟಿ ನಿಂತೇ ಹೋಗುತ್ತದೆ.

ಐದನೆಯ ಹೆಜ್ಜೆ: ಊರಿನಲ್ಲಿ ಸಿಗುವ ಅಳತೆಯೇ ಎಂದು ಖಚಿತಪಡಿಸಿಕೊಳ್ಳುವುದು

ಚಕ್ರದ ಅಳತೆಯಲ್ಲಿ ಬಹಳ ಗೊಂದಲವಿದೆ. ದೊಡ್ಡ ಸೈಕಲ್ಲಿನ 28 ಇಂಚಿನ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿ.ಮೀ., 700ಸಿ ಎಂಬ ಅಳತೆಯ ಟೈರಿನದ್ದು 622 ಮಿ.ಮೀ. 26 ಇಂಚು ಎಂದು ಕರೆಯುವುದರಲ್ಲೇ ಎರಡಿವೆ: ಹಳೆಯ ಸಣ್ಣ ಸೈಕಲ್ಲಿನದು 590, ಎಂಟಿಬಿ ಎಂಬ ಬೆಟ್ಟದ ದಾರಿಯ ಸೈಕಲ್ಲಿನದು 559. ಒಂದರ ಟೈರು ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕದಲ್ಲಿ 40-635 ಅಥವಾ 37-590 ಎಂದು ಅಚ್ಚಾಗಿರುವುದನ್ನು ಬರೆದುಕೊಂಡು, ಮನೆಯ ಹತ್ತಿರದ ಅಂಗಡಿಯಲ್ಲಿ ಆ ಟೈರು ಸಿಗುತ್ತದೆಯೇ ಎಂದು ಫ್ರೇಮು ಕೊಳ್ಳುವ ಮುನ್ನವೇ ವಿಚಾರಿಸಿ.

ಪೆಡಲಿನ ಅಚ್ಚು ಕೂರುವ ಗೂಡಿಗೆ ಮರೆಯಿರುವ ಫ್ರೇಮನ್ನೇ ಆರಿಸಿ. 68 ಮಿ.ಮೀ. ಅಗಲದ, ಇಂಚಿಗೆ 24 ಮರೆಯ ಇಂಗ್ಲಿಷ್ ಅಳತೆ ಎಲ್ಲೆಡೆ ಬಳಕೆಯಲ್ಲಿದೆ. ಮುಂದೆ ಬೆಣೆಯಂಥ ಕಾಟರ್ ಪಿನ್ನಿನಿಂದ ಬಿಗಿಯುವ ಕ್ರ್ಯಾಂಕ್ ತೆಗೆದು ಚೌಕ ಅಚ್ಚಿನದನ್ನು ಹಾಕಲು ಅದರಲ್ಲಿ ಅವಕಾಶವಿರುತ್ತದೆ. ಎರಡೂ ಬದಿಯ ಕ್ರ್ಯಾಂಕು ಒಂದೇ ಬಾಗಿದ ಸರಳಿನದಾಗಿದ್ದರೆ ಗೂಡಿಗೆ ಮರೆ ಇರುವುದಿಲ್ಲ, ಬದಲಾವಣೆಯ ದಾರಿ ಕಿರಿದಾಗುತ್ತದೆ. ಇಂಗ್ಲಿಷ್ ಅಳತೆಯ ಗೂಡಿನಲ್ಲಿ ಬಲಬದಿಯ ಬೇರಿಂಗ್ ಕಪ್‌ಗೆ ಎಡಮರೆ ಇರುತ್ತದೆ ಎಂಬುದನ್ನು ಬಿಚ್ಚುವವರು ನೆನಪಿಡಬೇಕು. ಬ್ರೇಕಿನ ವಿಷಯದಲ್ಲಿ, ಕೇಬಲ್ಲಿನ ರಿಮ್ ಬ್ರೇಕು ಹಾಕಲು ಜಾಗವಿರುವ ಫ್ರೇಮು ಸಾಕು. ರಾಡ್ ಬ್ರೇಕಿಗೆ ಬೇರೆಯೇ ಆಕಾರದ ರಿಮ್ ಬೇಕೆಂಬುದು ಗೊತ್ತಿರಲಿ.

ಆರನೆಯ ಹೆಜ್ಜೆ: ಹಳೆಯ ಫ್ರೇಮಿನ ಪರೀಕ್ಷೆ

ಅತ್ಯಂತ ಕಡಿಮೆ ಖರ್ಚಿನ ದಾರಿ ಹಳೆಯ ಫ್ರೇಮೇ. ರಾಜ್ಯ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡಲು ಆರಂಭಿಸಿದ್ದರಿಂದ, ಹಿಂದೆ ಓದಿದ ಅಣ್ಣನದೋ ಅಕ್ಕನದೋ ಸೈಕಲ್ ಎಷ್ಟೋ ಮನೆಗಳ ಹಿತ್ತಲಲ್ಲಿ ಇನ್ನೂ ಒರಗಿ ನಿಂತಿದೆ. ಹೊಸದಕ್ಕೆ ಹೋಗುವ ಮುನ್ನ ಅದರ ಧೂಳು ಒರೆಸಿ ಕೆಳಗಿನ ಪರೀಕ್ಷೆಗಳನ್ನು ಮಾಡಿ ನೋಡಬೇಕೆಂಬುದು ನನ್ನ ಆಗ್ರಹ.

ಮೊದಲು ಹ್ಯಾಂಡಲ್ ಬುಡದ ಟ್ಯೂಬಿನ ಹಿಂದೆ, ಮೇಲಿನ ಬಾರು ಮತ್ತು ಕೆಳಬಾರುಗಳ ತಳಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಮುಂದಿನಿಂದ ಡಿಕ್ಕಿ ಹೊಡೆದ ಫ್ರೇಮಿನಲ್ಲಿ ಸೇರುವೆಯಿಂದ ಎರಡು ಮೂರು ಬೆರಳು ಹಿಂದೆ ಬಣ್ಣ ನಿರಿಗೆಗಟ್ಟಿರುತ್ತದೆ, ಬೆರಳಿಗೆ ಸಣ್ಣ ಉಬ್ಬು ತಾಗುತ್ತದೆ. ಇದು ಕಂಡರೆ ಬಿಟ್ಟುಬಿಡಿ. ಬಣ್ಣದಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಇದ್ದರೆ ಅಲ್ಲಿ ಬಿರುಕಿರುವ ಸಂಭವವಿದೆ. ಪೆಡಲಿನ ಗೂಡಿನ ಸುತ್ತ, ಸೀಟಿನ ಲಗ್ಗಿನಲ್ಲಿ, ಡ್ರಾಪ್‌ಔಟಿನ ಬಳಿ ವಿಶೇಷವಾಗಿ ನೋಡಬೇಕು. ಒಂದು ಚಿಕ್ಕ ಅಯಸ್ಕಾಂತವನ್ನು ಟ್ಯೂಬುಗಳ ಮೇಲೆ ಸರಿಸುತ್ತಾ ಹೋಗಿ. ಒಂದೆಡೆ ಹಿಡಿತ ಸಡಿಲವಾದರೆ ಬಣ್ಣದ ಕೆಳಗೆ ಪುಟ್ಟಿ ಇದೆ.

ಫ್ರೇಮು ನೇರವಾಗಿದೆಯೇ ಎಂದು ತಿಳಿಯಲು ಒಂದು ದಾರ ಸಾಕು. ಹಿಂಚಕ್ರ ತೆಗೆದು, ಎಡ ಡ್ರಾಪ್‌ಔಟಿನ ಹೊರಮೈಗೆ ದಾರದ ತುದಿ ಕಟ್ಟಿ, ಅದನ್ನು ಹ್ಯಾಂಡಲ್ ಬುಡದ ಟ್ಯೂಬನ್ನು ಸುತ್ತಿಸಿ ತಂದು ಬಲ ಡ್ರಾಪ್‌ಔಟಿನ ಅದೇ ಜಾಗಕ್ಕೆ ಬಿಗಿಯಾಗಿ ಕಟ್ಟಿ. ಈಗ ಸೀಟ್ ಟ್ಯೂಬಿನ ಎಡಬಲಗಳಲ್ಲಿ ದಾರಕ್ಕೂ ಟ್ಯೂಬಿಗೂ ಇರುವ ಅಂತರವನ್ನು ಸ್ಕೇಲಿನಿಂದ ಅಳೆಯಿರಿ. ಎರಡರ ನಡುವೆ ವ್ಯತ್ಯಾಸ 2 ಮಿ.ಮೀ. ಒಳಗಿದ್ದರೆ ಚಿಂತೆಯಿಲ್ಲ. ಅದಕ್ಕಿಂತ ಹೆಚ್ಚಿದ್ದರೆ ಹಿಂಭಾಗ ಒಂದು ಕಡೆಗೆ ಸರಿದಿದೆ. ಸ್ವಲ್ಪವೇ ಆದರೆ ಅನುಭವಿ ಮೆಕ್ಯಾನಿಕ್ ನೇರ ಮಾಡಬಲ್ಲರು, ಹೆಚ್ಚಾದರೆ ಬೇಡ. ಚಕ್ರ ಹಾಕಿದ ಮೇಲೆ ಇನ್ನೊಂದು ಪರೀಕ್ಷೆ: ಎರಡೂ ಟೈರುಗಳನ್ನು ಒದ್ದೆ ಮಾಡಿ ಒಣ ಸಿಮೆಂಟ್ ನೆಲದ ಮೇಲೆ ಸೈಕಲ್ಲನ್ನು ನೆಟ್ಟಗೆ ಹಿಡಿದು ನೇರವಾಗಿ ತಳ್ಳಿ. ಎರಡು ಗುರುತುಗಳು ಒಂದರ ಮೇಲೊಂದು ಬೀಳಬೇಕು.

ತುಕ್ಕಿನ ಬಗ್ಗೆ ಅತಿಯಾದ ಭಯ ಬೇಡ. ನಮ್ಮದು ಮಲೆನಾಡಲ್ಲ, ಕರಾವಳಿಯೂ ಅಲ್ಲ; ಒಣ ಹವೆಯಲ್ಲಿ ಹೊರಮೈಯ ತುಕ್ಕು ನಿಧಾನವಾಗಿಯೇ ಹಬ್ಬುತ್ತದೆ, ಉಜ್ಜಿ ರೆಡ್ ಆಕ್ಸೈಡ್ ಬಳಿದರೆ ನಿಲ್ಲುತ್ತದೆ. ಭಯಪಡಬೇಕಾದ್ದು ಒಳಗಿನ ತುಕ್ಕಿಗೆ. ಸೀಟ್ ಪೋಸ್ಟಿನ ಸಂದಿನಿಂದ ಇಳಿದ ಮಳೆನೀರು ಪೆಡಲಿನ ಗೂಡಿನಲ್ಲಿ ನಿಲ್ಲುತ್ತದೆ. ಪೋಸ್ಟು ತೆಗೆದು ಫ್ರೇಮನ್ನು ತಲೆಕೆಳಗೆ ಮಾಡಿ ಅಲ್ಲಾಡಿಸಿದಾಗ ಕಂದು ಪುಡಿ ಚೂರಾಗಿ ಉದುರಿದರೆ ಗೂಡಿನ ಕೆಳಭಾಗವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಒಳಗೆ ತಗ್ಗಾದರೆ ಲೋಹ ತಿಂದುಹೋಗಿದೆ. ಪೋಸ್ಟು ಅಲುಗಾಡದಂತೆ ಸಿಕ್ಕಿಕೊಂಡಿರುವ ಫ್ರೇಮನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಕೊಳ್ಳುವಾಗ ಮತ್ತು ಕೊಂಡ ಮೇಲೆ

ಹೊಸದಾದರೂ ಹಳೆಯದಾದರೂ ಪೆಡಲಿನ ಗೂಡಿನ ತಳದಲ್ಲೋ ಸೀಟ್ ಟ್ಯೂಬಿನ ಮೇಲೋ ಒತ್ತಿರುವ ಫ್ರೇಮ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಸಂಖ್ಯೆಯನ್ನು ಉಜ್ಜಿ ಅಳಿಸಿದ ಫ್ರೇಮನ್ನು ಮುಟ್ಟಲೇಬಾರದು. ಹಳೆಯದನ್ನು ವ್ಯಕ್ತಿಯಿಂದ ಕೊಂಡರೆ ಸಂಖ್ಯೆ, ದಿನಾಂಕ, ಹಣದ ಮೊತ್ತ ನಮೂದಿಸಿ ಸಹಿ ಮಾಡಿಸಿದ ಒಂದು ಚೀಟಿಯಾದರೂ ಇರಲಿ.

ಬಿಡಿಭಾಗಗಳನ್ನು ಜೋಡಿಸುವ ಮುನ್ನ, ಬರಿಯ ಫ್ರೇಮು ಕೈಯಲ್ಲಿರುವಾಗಲೇ ಎಲ್ಲ ಟ್ಯೂಬುಗಳೊಳಗೆ ಸ್ವಲ್ಪ ಎಣ್ಣೆ ಸುರಿದು, ಫ್ರೇಮನ್ನು ಎಲ್ಲ ದಿಕ್ಕಿಗೂ ಹೊರಳಿಸಿ, ಒಂದು ರಾತ್ರಿ ಹಳೆಯ ಪತ್ರಿಕೆಯ ಮೇಲೆ ಬಿಡಿ, ಹೆಚ್ಚಾದದ್ದು ಸೋರಿಹೋಗುತ್ತದೆ. ಪೆಡಲಿನ ಗೂಡಿನ ತಳದಲ್ಲಿ ನೀರಿಳಿಯುವ ತೂತಿದ್ದರೆ ಅದು ಬಣ್ಣದಿಂದ ಮುಚ್ಚಿಹೋಗಿರದಂತೆ ತಂತಿಯಿಂದ ಚುಚ್ಚಿ ತೆರೆಯಿರಿ. ಸೀಟ್ ಪೋಸ್ಟಿಗೂ ಹ್ಯಾಂಡಲ್ ಕಾಂಡಕ್ಕೂ ಗ್ರೀಸ್ ಸವರಿಯೇ ಇಳಿಸಬೇಕು, ವರ್ಷಕ್ಕೊಮ್ಮೆ ಮುಂಗಾರಿಗೆ ಮುಂಚೆ ಅವೆರಡನ್ನೂ ಹೊರತೆಗೆದು ಒರೆಸಿ ಮತ್ತೆ ಗ್ರೀಸ್ ಹಚ್ಚಬೇಕು. ಜೋಡಣೆಯಾದ ಒಂದು ತಿಂಗಳಿಗೆ ಕಾಟರ್ ಪಿನ್ನು, ಹ್ಯಾಂಡಲ್ ಬುಡದ ಬೇರಿಂಗ್ ಕಪ್, ಕ್ಯಾರಿಯರಿನ ಬೋಲ್ಟುಗಳು ತುಸು ಸಡಿಲವಾಗುತ್ತವೆ. ಅಂಗಡಿಗೆ ಹೋಗಿ ಅವನ್ನು ಮತ್ತೊಮ್ಮೆ ಬಿಗಿ ಮಾಡಿಸಿಕೊಳ್ಳಿ.